ಗರ್ಭಪಾತ, ಗರ್ಭನಿರೋಧಕ, ದೇವರು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಎತ್ತಿದರೆ ಸಾಕು, ಒಂದೇ ಮನೆಯೊಳಗೆ ಎರಡು ಪಕ್ಷ ಆಗುತ್ತದೆ. ಒಬ್ಬರು ಕೊಲೆ ಎನ್ನುತ್ತಾರೆ, ಇನ್ನೊಬ್ಬರು ಹಕ್ಕು ಎನ್ನುತ್ತಾರೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಹಾಗೆ ನಿಲ್ಲಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಗರ್ಭಪಾತ ಹಗುರವಾದ ವಿಷಯ ಅಂತ ನಾನು ಅಂದುಕೊಂಡಿಲ್ಲ. ಆದರೆ ಅದನ್ನು ಪೊಲೀಸರ ಕೈಗೆ ಒಪ್ಪಿಸುವುದು ತಪ್ಪು ಅನ್ನುವುದು ನನ್ನ ಗಟ್ಟಿ ನಂಬಿಕೆ. ಗರ್ಭಪಾತ ಕಡಿಮೆಯಾಗಲಿ ಎಂದು ನಿಜವಾಗಿ ಬಯಸುವವರು ಮೊದಲು ಗರ್ಭನಿರೋಧಕದ ಪರ ನಿಲ್ಲಬೇಕು. ಯಾಕೆ ಅನ್ನುವುದು ಕೆಳಗಿನ ಉತ್ತರಗಳಲ್ಲಿದೆ.

ಜೀವ ಯಾವಾಗ ಶುರುವಾಗುತ್ತದೆ ಅಂತ ವಿಜ್ಞಾನವೇ ಹೇಳಿಬಿಟ್ಟರೆ ಜಗಳ ಮುಗಿಯುತ್ತದಲ್ವಾ?

ಮುಗಿಯುವುದಿಲ್ಲ. ವಿಜ್ಞಾನ ತನ್ನ ಪಾಲಿನದನ್ನು ಹೇಳಿಯಾಗಿದೆ. ವೀರ್ಯಾಣು ಮತ್ತು ಅಂಡ ಸೇರಿದಾಗ ಹೊಸದೊಂದು ಜೀವಕೋಶ ಹುಟ್ಟುತ್ತದೆ. ಅದು ತಾಯಿಯದೂ ಅಲ್ಲ, ತಂದೆಯದೂ ಅಲ್ಲ. ಸುಮಾರು ಒಂದು ವಾರಕ್ಕೆ ಅದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಎಷ್ಟೋ ಸಲ ಅಂಟಿಕೊಳ್ಳುವುದೇ ಇಲ್ಲ, ಮುಟ್ಟಿನ ಜೊತೆ ಹೊರಟುಹೋಗುತ್ತದೆ, ಆ ಹೆಂಗಸಿಗೆ ಗೊತ್ತೂ ಆಗುವುದಿಲ್ಲ. ಮೊದಲ ಎರಡು ವಾರದೊಳಗೆ ಅದು ಒಡೆದು ಅವಳಿ ಆಗಬಹುದು. 22ರಿಂದ 24 ವಾರದ ಹೊತ್ತಿಗೆ, ಒಳ್ಳೆಯ ಆಸ್ಪತ್ರೆ ಇದ್ದರೆ, ಹೊರಗೆ ಬಂದೂ ಬದುಕುವ ಸಾಧ್ಯತೆ ಶುರುವಾಗುತ್ತದೆ.

ಈ ದಾರಿಯಲ್ಲಿ ಯಾವ ಮೈಲಿಗಲ್ಲಿನ ಹತ್ತಿರ "ಇದು ಒಬ್ಬ ಮನುಷ್ಯ, ಇದಕ್ಕೂ ನಮ್ಮಷ್ಟೇ ಹಕ್ಕಿದೆ" ಎನ್ನಬೇಕು? ಅದು ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ಗರ್ಭಪಾತವನ್ನು ವಿರೋಧಿಸುವವರ ಅತ್ಯಂತ ಗಟ್ಟಿ ವಾದ ಇಲ್ಲೇ ಇದೆ. ಗೆರೆಯನ್ನು ಎಲ್ಲಿ ಎಳೆದರೂ ಅದು ನಾವು ಎಳೆದ ಗೆರೆ, ತಪ್ಪಾಗಿರಬಹುದು, ಹಾಗಾಗಿ ಮೊದಲ ಕ್ಷಣದಿಂದಲೇ ಕಾಯೋಣ ಎನ್ನುತ್ತಾರೆ ಅವರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ.

ಆದರೆ ಇನ್ನೊಂದು ಪ್ರಶ್ನೆಯೂ ಇದೆ. ಆ ಜೀವ ಇರುವುದು ಇನ್ನೊಬ್ಬಳ ಮೈಯೊಳಗೆ. ನನ್ನ ಒಂದು ಕಿಡ್ನಿ ಕೊಟ್ಟರೆ ಯಾರೋ ಒಬ್ಬರು ಬದುಕುತ್ತಾರೆ ಎಂದು ಗೊತ್ತಿದ್ದರೂ ಕಾನೂನು ಅದನ್ನು ಬಲವಂತವಾಗಿ ತೆಗೆದುಕೊಳ್ಳುವುದಿಲ್ಲ. ಕೊಟ್ಟರೆ ದೊಡ್ಡ ಗುಣ, ಕೊಡದಿದ್ದರೆ ಜೈಲಿಲ್ಲ. ಒಂಬತ್ತು ತಿಂಗಳು ಹೊತ್ತು, ಹೆರುವುದು ಕಿಡ್ನಿ ಕೊಡುವುದಕ್ಕಿಂತ ಸಣ್ಣ ವಿಷಯವೇನಲ್ಲ.

ಎಲ್ಲ ಧರ್ಮಗಳೂ ಗರ್ಭಪಾತ ಪಾಪ ಎನ್ನುತ್ತವೆ, ಹೌದಾ?

ಯಾವ ದೊಡ್ಡ ಧರ್ಮವೂ ಅದನ್ನು ಒಳ್ಳೆಯದು ಎಂದಿಲ್ಲ. ಆದರೆ "ಪಾಪ" ಎಂಬ ಒಂದೇ ಪದದೊಳಗೆ ಬಹಳ ವ್ಯತ್ಯಾಸ ಅಡಗಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಗಲಾಟೆ ಜಾಸ್ತಿ ಆಗುವುದು ಇಲ್ಲೇ.

ಹಿಂದೂ ಧರ್ಮಶಾಸ್ತ್ರಗಳಲ್ಲಿ ಭ್ರೂಣಹತ್ಯೆ ಘೋರ ಪಾಪಗಳ ಸಾಲಿನಲ್ಲಿದೆ. ಅದೇ ಪರಂಪರೆಯ ಒಳಗೆ ಜೀವ ಯಾವಾಗ ಸೇರುತ್ತದೆ ಎಂಬುದಕ್ಕೆ ಎರಡು ಉತ್ತರ ಸಿಗುತ್ತವೆ. ಶುಕ್ಲ (ಗಂಡಿನ ವೀರ್ಯ), ಶೋಣಿತ (ಹೆಣ್ಣಿನ ರಕ್ತ) ಮತ್ತು ಜೀವ ಮೂರೂ ಕೂಡಿದಾಗಲೇ ಅದನ್ನು ಗರ್ಭ ಎನ್ನುತ್ತಾರೆ ಎಂದು ಚರಕ ಸಂಹಿತೆ ಹೇಳುತ್ತದೆ. ಅಂದರೆ ಮೊದಲ ದಿನದಿಂದಲೇ ಜೀವ ಇದೆ. ಗರ್ಭೋಪನಿಷತ್ತು ಏಳನೆಯ ತಿಂಗಳಲ್ಲಿ ಜೀವ ಬಂದು ಸೇರುತ್ತದೆ ಎನ್ನುತ್ತದೆ. ಎರಡೂ ಹಳೆಯ ಗ್ರಂಥಗಳೇ.

ಇಸ್ಲಾಮಿನಲ್ಲಿ 120 ದಿನ ಎಂಬ ಲೆಕ್ಕ ಮುಖ್ಯ. 40 ದಿನಗಳ ಮೂರು ಹಂತ ಮುಗಿದ ಮೇಲೆ ರೂಹ್, ಅಂದರೆ ಆತ್ಮ, ಊದಲಾಗುತ್ತದೆ ಎಂಬ ಹದೀಸ್ (ಪ್ರವಾದಿಯ ಮಾತು) ಇದರ ಮೂಲ. ಹನಫಿ ಪಂಥದ ಹಲವು ವಿದ್ವಾಂಸರು ಸರಿಯಾದ ಕಾರಣವಿದ್ದರೆ ಅದಕ್ಕೂ ಮುಂಚೆ ತೆಗೆಸಲು ಒಪ್ಪಿದ್ದಾರೆ. ಮಾಲಿಕಿ ಪಂಥ ಬಹಳ ಬಿಗಿ. 120 ದಿನ ದಾಟಿದ ಮೇಲೆ ತಾಯಿಯ ಜೀವಕ್ಕೆ ಅಪಾಯ ಇದ್ದರೆ ಮಾತ್ರ. ಮುಸ್ಲಿಂ ಬಹುಸಂಖ್ಯಾತ ದೇಶವಾದ ಟ್ಯುನೀಷಿಯಾ 1973ರಲ್ಲೇ ಮೊದಲ ಮೂರು ತಿಂಗಳಲ್ಲಿ ಕೇಳಿದವರಿಗೆಲ್ಲ ಅವಕಾಶ ಕೊಟ್ಟಿತು. ಫ್ರಾನ್ಸಿಗಿಂತ ಮುಂಚೆ! ಇದನ್ನು ಹೇಳಿದಾಗ ಜನ ನಂಬುವುದೇ ಇಲ್ಲ.

ಯಹೂದಿಗಳ ಹಳೆಯ ಧರ್ಮನಿಯಮಗಳ ಗ್ರಂಥವಾದ ಮಿಶ್ನಾದಲ್ಲಿ ಹೆರಿಗೆ ಕಷ್ಟವಾದಾಗ ಏನು ಮಾಡಬೇಕು ಎಂಬ ನೇರ ನಿಯಮವಿದೆ. ಮಗುವಿನ ಹೆಚ್ಚಿನ ಭಾಗ ಹೊರಗೆ ಬರುವ ತನಕ ತಾಯಿಯ ಜೀವವೇ ಮುಂದು. ಇದು ಸುಮಾರು 1800 ವರ್ಷ ಹಳೆಯ ಮಾತು. ಹಾಗಾಗಿ ಸಂಪೂರ್ಣ ನಿಷೇಧದ ಕಾನೂನು ಬಂದರೆ ಕೆಲವು ಯಹೂದಿಗಳಿಗೆ ಅದು ತಮ್ಮ ಧರ್ಮದ ಮೇಲಿನ ನಿರ್ಬಂಧವೇ ಆಗಿ ಕಾಣುತ್ತದೆ.

ಕ್ರೈಸ್ತರಲ್ಲಿ ಕ್ಯಾಥೊಲಿಕ್ ಚರ್ಚ್ ಮೊದಲಿನಿಂದಲೂ ಗರ್ಭಪಾತವನ್ನು ಪಾಪ ಎಂದೇ ಹೇಳಿದೆ. ಆದರೆ ಅದು ಎಷ್ಟು ದೊಡ್ಡ ಪಾಪ, ಕೊಲೆಗೆ ಸಮವೋ ಅಲ್ಲವೋ ಎಂಬುದು ಬದಲಾಗಿದೆ. ಸಂತ ಥಾಮಸ್ ಅಕ್ವಿನಾಸ್ ಅವರು ಅರಿಸ್ಟಾಟಲನನ್ನು ಅನುಸರಿಸಿ, ಆತ್ಮ ಬರುವುದು ಗರ್ಭ ಸ್ವಲ್ಪ ಬೆಳೆದ ಮೇಲೆ ಎಂದರು. 1588ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಯಾವ ಹಂತದ ಗರ್ಭಪಾತಕ್ಕೂ ಒಂದೇ ಕಠಿಣ ಶಿಕ್ಷೆ ಎಂದು ಆಜ್ಞೆ ಹೊರಡಿಸಿದರು. ಮೂರೇ ವರ್ಷದಲ್ಲಿ, 1591ರಲ್ಲಿ, ಹದಿನಾಲ್ಕನೆಯ ಗ್ರೆಗರಿ ಅದನ್ನು ಸಡಿಲಿಸಿದರು. 1869ರಲ್ಲಿ ಒಂಬತ್ತನೆಯ ಪಯಸ್ ಆ ಹಂತಗಳ ವ್ಯತ್ಯಾಸವನ್ನು ಮತ್ತೆ ತೆಗೆದುಹಾಕಿದರು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದವರು ಇವತ್ತು ಗರ್ಭಪಾತದ ಕಟ್ಟಾ ವಿರೋಧಿಗಳು. 1971ರಲ್ಲಿ ಇದೇ ಪಂಗಡ, ಅತ್ಯಾಚಾರವಾದಾಗ, ಭ್ರೂಣದಲ್ಲಿ ಗಂಭೀರ ದೋಷವಿದ್ದಾಗ, ತಾಯಿಯ ದೈಹಿಕ ಅಥವಾ ಮಾನಸಿಕ ಆರೋಗ್ಯ ಕೆಡುವಾಗ ಅವಕಾಶ ಕೊಡುವ ಕಾನೂನು ಬರಲಿ ಎಂದು ನಿರ್ಣಯ ಮಾಡಿತ್ತು.

ಇದನ್ನೆಲ್ಲ ಧರ್ಮವನ್ನು ಕೀಳು ಮಾಡಲು ಹೇಳುತ್ತಿಲ್ಲ. ನಂಬಿಕೆ ಇರುವವರೂ ಈ ಪ್ರಶ್ನೆಯ ಮುಂದೆ ಕೂತು ತಲೆ ಕೆಡಿಸಿಕೊಂಡಿದ್ದಾರೆ, ಬೇರೆ ಬೇರೆ ಉತ್ತರ ಕಂಡುಕೊಂಡಿದ್ದಾರೆ. "ನಮ್ಮ ಧರ್ಮ ಹೀಗೇ ಹೇಳುತ್ತದೆ, ಅಷ್ಟೇ" ಎಂದು ಯಾರಾದರೂ ಮೇಜು ಕುಟ್ಟಿದರೆ, ಆ ಧರ್ಮದ ಒಳಗೇ ನಡೆದ ಅಷ್ಟು ದೊಡ್ಡ ಚರ್ಚೆಯನ್ನು ಅವರು ಮರೆತಿದ್ದಾರೆ.

ಗರ್ಭಪಾತ ಬೇಡ ಅನ್ನೋದು ಅರ್ಥವಾಗುತ್ತದೆ. ಗರ್ಭನಿರೋಧಕವನ್ನೂ ಯಾಕೆ ಬೇಡ ಎನ್ನುತ್ತಾರೆ?

ಎಲ್ಲರೂ ಎನ್ನುವುದಿಲ್ಲ. ಕ್ಯಾಥೊಲಿಕ್ ಚರ್ಚಿನ ಅಧಿಕೃತ ನಿಲುವು ಅದು. ಗಂಡ ಹೆಂಡತಿ ಕೂಡುವುದರಲ್ಲಿ ಪ್ರೀತಿ ಮತ್ತು ಹೊಸ ಜೀವದ ಸಾಧ್ಯತೆ ಎರಡೂ ಇವೆ, ಮನುಷ್ಯ ಬೇಕಂತಲೇ ಅವುಗಳನ್ನು ಬೇರ್ಪಡಿಸಬಾರದು ಎನ್ನುವುದು ಅವರ ವಾದ. ದಿನ ಲೆಕ್ಕ ಹಾಕಿ ದೂರ ಇರುವುದಕ್ಕೆ ಒಪ್ಪಿಗೆ ಇದೆ. ಮಾತ್ರೆ, ಕಾಂಡೋಮ್‌ಗೆ ಇಲ್ಲ.

1930ರಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಬಿಷಪ್‌ಗಳು ತಮ್ಮ ಲ್ಯಾಂಬೆತ್ ಸಮ್ಮೇಳನದಲ್ಲಿ ಕೆಲವು ಸಂದರ್ಭಗಳಿಗೆ ಬಾಗಿಲು ತೆರೆದರು. ಅದೇ ವರ್ಷ ಪೋಪ್ ಹನ್ನೊಂದನೆಯ ಪಯಸ್ ಬಾಗಿಲು ಹಾಕಿದರು. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಆ ಮಾತ್ರೆಯನ್ನು ಪರೀಕ್ಷಿಸಿ ತಂದವರಲ್ಲಿ ಒಬ್ಬರಾದ ಡಾ. ಜಾನ್ ರಾಕ್ ನಿಷ್ಠಾವಂತ ಕ್ಯಾಥೊಲಿಕ್. ಮೈಯಲ್ಲೇ ಇರುವ ಹಾರ್ಮೋನನ್ನು ಬಳಸುವುದರಿಂದ ಇದು ಸಹಜವೇ ಅಲ್ವಾ, ಚರ್ಚ್ ಒಪ್ಪುತ್ತದೆ ಎಂದು ಅವರು ನಂಬಿದ್ದರು. ವ್ಯಾಟಿಕನ್ನಿನ ಆಯೋಗದಲ್ಲೂ ಬಹುಮತ ಬದಲಾವಣೆಯ ಕಡೆಗೇ ಇತ್ತು. ಆದರೆ 1968ರ ಜುಲೈನಲ್ಲಿ ಪೋಪ್ ಆರನೆಯ ಪಾಲ್ ಬೇಡ ಎಂದರು. ಇವತ್ತಿಗೂ ಕಾಗದದ ಮೇಲೆ ಅದೇ ಇದೆ. ಎಷ್ಟೋ ಕ್ಯಾಥೊಲಿಕ್ ದಂಪತಿಗಳು ಮಾತ್ರ ತಮ್ಮ ಮನಸ್ಸಾಕ್ಷಿಯ ಪ್ರಕಾರ ನಡೆದುಕೊಳ್ಳುತ್ತಾರೆ.

ಇಸ್ಲಾಮಿನಲ್ಲಿ ಪ್ರವಾದಿಯ ಕಾಲದಲ್ಲೇ ವೀರ್ಯ ಹೊರಗೆ ಬಿಡುವ ಪದ್ಧತಿ ಇತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಹೆಚ್ಚಿನ ವಿದ್ವಾಂಸರು ತಾತ್ಕಾಲಿಕ ವಿಧಾನಗಳನ್ನು ಒಪ್ಪುತ್ತಾರೆ. ಶಾಶ್ವತ ಆಪರೇಷನ್ ಬಗ್ಗೆ ತಕರಾರು ಇದೆ. 1990ರ ದಶಕದಲ್ಲಿ ಇರಾನಿನಲ್ಲಿ ಧರ್ಮಗುರುಗಳ ಸರ್ಕಾರವೇ ಮದುವೆಗೆ ಮುಂಚೆ ಕುಟುಂಬ ಯೋಜನೆಯ ತರಗತಿಯನ್ನು ಕಡ್ಡಾಯ ಮಾಡಿತ್ತು. ಒಬ್ಬ ಹೆಂಗಸಿಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳಿದ್ದ ದೇಶ ಎರಡು ದಶಕದೊಳಗೆ ಸುಮಾರು ಎರಡಕ್ಕೆ ಇಳಿಯಿತು. ಜನಸಂಖ್ಯೆ ಕುಗ್ಗುವ ಭಯ ಬಂದ ಮೇಲೆ, 2021ರಲ್ಲಿ, ಅದೇ ದೇಶ ಗರ್ಭನಿರೋಧಕವನ್ನು ಬಿಗಿ ಮಾಡಿತು. ಧರ್ಮಗ್ರಂಥ ಬದಲಾಗಿರಲಿಲ್ಲ, ಸರ್ಕಾರದ ಲೆಕ್ಕ ಬದಲಾಗಿತ್ತು.

ಗರ್ಭನಿರೋಧಕಕ್ಕೂ ಕಾನೂನಿನ ತಡೆ ಇತ್ತಾ?

ಇತ್ತು, ಅದೂ ತೀರಾ ಹಳೆಯ ಕಾಲದಲ್ಲಿ ಅಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮದುವೆಯಾದ ದಂಪತಿ ಬಳಸುವುದೂ ಅಪರಾಧವಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ತೆಗೆದದ್ದು 1965ರಲ್ಲಿ. ಮದುವೆಯಾಗದವರಿಗೆ ಆ ಹಕ್ಕು ಸಿಕ್ಕಿದ್ದು 1972ರಲ್ಲಿ.

ಐರ್ಲೆಂಡಿನ ಕಥೆ ನನಗೆ ಬಹಳ ಇಷ್ಟ. ಅಲ್ಲಿ 1935ರ ಕಾನೂನು ಗರ್ಭನಿರೋಧಕದ ಮಾರಾಟವನ್ನೂ ಆಮದನ್ನೂ ನಿಷೇಧಿಸಿತ್ತು. ಮಾತ್ರೆ ಬೇಕಾದರೆ ಡಾಕ್ಟರು "ಮುಟ್ಟು ಸರಿಪಡಿಸಲು" ಎಂದು ಬರೆದುಕೊಡಬೇಕಿತ್ತು. 1971ರ ಮೇ 22ರಂದು ನಲವತ್ತಕ್ಕೂ ಹೆಚ್ಚು ಹೆಂಗಸರು ಡಬ್ಲಿನ್ನಿನಿಂದ ರೈಲು ಹತ್ತಿ ಬೆಲ್‌ಫಾಸ್ಟಿಗೆ ಹೋದರು. ಅಲ್ಲಿ ಬ್ರಿಟನ್ನಿನ ಕಾನೂನು. ಕಾಂಡೋಮ್ ಸಿಕ್ಕಿತು. ಮಾತ್ರೆ ಕೇಳಿದರೆ ಡಾಕ್ಟರ ಚೀಟಿ ಬೇಕು ಎಂದರು. ಚೀಟಿ ಯಾರ ಹತ್ತಿರವೂ ಇರಲಿಲ್ಲ. ಆಸ್ಪಿರಿನ್ ಪೊಟ್ಟಣಗಳನ್ನು ಕೊಂಡರು. ಡಬ್ಲಿನ್ ಸ್ಟೇಷನ್ನಿನಲ್ಲಿ ಕಸ್ಟಮ್ಸ್‌ನವರ ಎದುರಿಗೇ ಎಲ್ಲವನ್ನೂ ಎತ್ತಿ ತೋರಿಸಿದರು, ಆಸ್ಪಿರಿನ್ನನ್ನೇ ಗರ್ಭನಿರೋಧಕ ಮಾತ್ರೆ ಎನ್ನುವಂತೆ ನುಂಗಿದರು. ಕಸ್ಟಮ್ಸ್‌ನವರು ಸುಮ್ನೆ ಬಿಟ್ಟುಬಿಟ್ಟರು. ಆದರೂ ಕಾಂಡೋಮ್ ಚೀಟಿ ಇಲ್ಲದೆ ಸಿಗಲು ಆ ದೇಶ 1985ರ ತನಕ ಕಾಯಬೇಕಾಯಿತು.

ಎಮರ್ಜೆನ್ಸಿ ಮಾತ್ರೆ ಗರ್ಭಪಾತದ ಮಾತ್ರೆಯೇ ಅಲ್ವಾ?

ಅಲ್ಲ. ಈ ಗೊಂದಲದಿಂದ ಆಗಿರುವ ಹಾನಿ ಅಷ್ಟಿಷ್ಟಲ್ಲ.

ಲೆವೊನಾರ್ಜೆಸ್ಟ್ರೆಲ್ ಇರುವ ಎಮರ್ಜೆನ್ಸಿ ಮಾತ್ರೆಯನ್ನು ಕೂಡಿದ ಮೇಲೆ 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಅದು ಅಂಡಾಶಯದಿಂದ ಅಂಡ ಹೊರಬರುವುದನ್ನು ತಡಮಾಡುತ್ತದೆ. ಅಂಡವೇ ಬರದಿದ್ದರೆ ವೀರ್ಯಾಣು ಕಾದು ಸಾಯುತ್ತದೆ. ಆಗಲೇ ಬಸಿರಾಗಿದ್ದರೆ ಈ ಮಾತ್ರೆ ಏನೂ ಮಾಡುವುದಿಲ್ಲ. ಗರ್ಭಕೋಶಕ್ಕೆ ಅಂಟುವುದನ್ನು ಇದು ತಡೆಯಬಹುದು ಎಂಬ ಹಳೆಯ ಸಾಲನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರಿನಲ್ಲಿ ಮಾಹಿತಿ ಪತ್ರದಿಂದ ತೆಗೆಸಿತು.

ಗರ್ಭಪಾತದ ಮಾತ್ರೆ ಬೇರೆಯೇ. ಅದು ಎರಡು ಔಷಧಿಗಳ ಜೋಡಿ. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನಿನ ಕೆಲಸವನ್ನು ಮಿಫೆಪ್ರಿಸ್ಟೋನ್ ತಡೆಯುತ್ತದೆ. ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಹಿಂಡಿ ಖಾಲಿ ಮಾಡಿಸುತ್ತದೆ.

ಕಾಪರ್-ಟಿ ಬಗ್ಗೆಯೂ ಕೇಳುತ್ತಾರೆ. ತಾಮ್ರ ಮುಖ್ಯವಾಗಿ ವೀರ್ಯಾಣುವನ್ನೇ ಕೆಡಿಸುತ್ತದೆ, ಅಂಡದ ಜೊತೆ ಸೇರಲು ಬಿಡುವುದಿಲ್ಲ. ಆದರೆ ಕೂಡಿದ ಮೇಲೆ ಐದು ದಿನದೊಳಗೆ ಎಮರ್ಜೆನ್ಸಿಗಾಗಿ ಹಾಕಿಸಿದಾಗ, ಅಪರೂಪಕ್ಕೆ ಅಂಟುವುದನ್ನೂ ತಡೆಯಬಹುದು. ಮೊದಲ ಕ್ಷಣದಿಂದಲೇ ಪೂರ್ತಿ ಮನುಷ್ಯ ಎಂದು ನಂಬುವವರಿಗೆ ಈ ಸಣ್ಣ ಸಾಧ್ಯತೆಯೂ ದೊಡ್ಡದೇ. ಅವರಿಗೆ ಬೇರೆ ವಿಧಾನಗಳಿವೆ. ಅದು ಅವರ ಆಯ್ಕೆ, ಗೌರವಿಸೋಣ. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಬಂದ ಹಾಬಿ ಲಾಬಿ ಎಂಬ ಕಂಪನಿಯ ಪ್ರಕರಣ ಇದೇ ವಿಷಯದ್ದು. ಎಮರ್ಜೆನ್ಸಿ ಮಾತ್ರೆ ಮತ್ತು ಗರ್ಭಕೋಶದೊಳಗೆ ಹಾಕುವ ಸಾಧನಗಳಿಗೆ ನೌಕರರ ವಿಮೆಯಲ್ಲಿ ಹಣ ಕೊಡಲು ಕಂಪನಿಯ ಮಾಲೀಕರು ಧರ್ಮದ ಕಾರಣ ಕೊಟ್ಟು ಒಪ್ಪಲಿಲ್ಲ. ಐದಕ್ಕೆ ನಾಲ್ಕರಂತೆ ಗೆದ್ದರು. ಮಾಲೀಕರ ನಂಬಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆ ನಂಬಿಕೆಯ ಬೆಲೆಯನ್ನು ನೌಕರಳು ತೆರಬೇಕಾದದ್ದು ಸರಿಯಲ್ಲ.

"6 ವಾರದ ತನಕ ಅವಕಾಶ ಇದೆ" ಎಂದರೆ ಸಾಕಷ್ಟು ಸಮಯ ಸಿಕ್ಕ ಹಾಗೇ ಅಲ್ವಾ?

ಬನ್ನಿ, ಬೆರಳು ಮಡಚಿ ಎಣಿಸೋಣ. ಬಸಿರಿನ ವಾರಗಳನ್ನು ಕೂಡಿದ ದಿನದಿಂದ ಎಣಿಸುವುದಿಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಒಬ್ಬಳಿಗೆ ಒಂದನೇ ತಾರೀಖು ಮುಟ್ಟಾಯಿತು ಎಂದುಕೊಳ್ಳಿ. ಹದಿನಾಲ್ಕು ಹದಿನೈದರ ಹೊತ್ತಿಗೆ ಅಂಡ ಬಿಡುಗಡೆಯಾಗುತ್ತದೆ. ಅಲ್ಲಿಗೇ ಕಾಗದದ ಮೇಲೆ ಎರಡು ವಾರ ಕಳೆಯಿತು, ಇನ್ನೂ ಅವಳು ಬಸಿರೇ ಆಗಿಲ್ಲ! ಇಪ್ಪತ್ತೊಂಬತ್ತಕ್ಕೆ ಮತ್ತೆ ಮುಟ್ಟಾಗಬೇಕು, ಆಗಲಿಲ್ಲ. ಅವತ್ತೇ ಪರೀಕ್ಷೆ ಮಾಡಿಕೊಂಡರೂ ಅವಳು "4 ವಾರದ ಬಸುರಿ". ಎರಡು ಮೂರು ದಿನ ಹಿಂದೆ ಮುಂದೆ ಆಗುವುದು ಎಲ್ಲರಿಗೂ ಗೊತ್ತಿರುವುದೇ, ಒಂದು ವಾರ ಕಾಯುತ್ತಾಳೆ. 5 ವಾರ. ಪರೀಕ್ಷೆ, ಡಾಕ್ಟರ ಸಮಯ, ಮನೆಯಲ್ಲಿ ಹೇಳುವ ಧೈರ್ಯ, ಹಣ, ರಜೆ. 6 ವಾರ ಮುಗಿಯಿತು. ಮುಟ್ಟು ಏರುಪೇರಾಗುವವರಿಗೆ ಈ ಹೊತ್ತಿಗೆ ಅನುಮಾನವೂ ಬಂದಿರುವುದಿಲ್ಲ.

ಅಮೆರಿಕದ ಟೆಕ್ಸಸ್ ರಾಜ್ಯ 2021ರಲ್ಲಿ ಈ ಬಗೆಯ ಕಾನೂನು ತಂದಾಗ "ಹೃದಯ ಬಡಿತ"ದ ಹೆಸರು ಹೇಳಿತು. 6 ವಾರಕ್ಕೆ ಸ್ಕ್ಯಾನಿಂಗಿನಲ್ಲಿ ಮಿಡಿತ ಕಾಣುವುದು ನಿಜ. ಆದರೆ ಆಗ ಪೂರ್ತಿ ರೂಪುಗೊಂಡ ಹೃದಯ ಇರುವುದಿಲ್ಲ, ಹೃದಯವಾಗಲಿರುವ ಕೋಶಗಳ ಮಿಡಿತ ಅದು.

ಕಾನೂನಿನಲ್ಲಿ ನಿಷೇಧಿಸಿದರೆ ಗರ್ಭಪಾತ ನಿಲ್ಲುವುದಿಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 7.3 ಕೋಟಿ ಗರ್ಭಪಾತಗಳು ನಡೆಯುತ್ತವೆ. ಬೇಡದ ಬಸಿರುಗಳಲ್ಲಿ ಹತ್ತಕ್ಕೆ ಆರು ಹೀಗೇ ಮುಗಿಯುತ್ತವೆ. ಒಟ್ಟು ಗರ್ಭಪಾತಗಳಲ್ಲಿ ಸುಮಾರು 45% ಸುರಕ್ಷಿತವಲ್ಲದವು. ಅವುಗಳಲ್ಲಿ ಬಹುಪಾಲು ಬಡ ದೇಶಗಳಲ್ಲಿ. ನಿಷೇಧ ಇರುವ ದೇಶ, ಇಲ್ಲದ ದೇಶಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಗರ್ಭಪಾತದ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸಾವಿನಲ್ಲಿ ಕಾಣುತ್ತದೆ.

ರೊಮೇನಿಯಾವನ್ನು ನೋಡಿ. ಅಲ್ಲಿ ನಿಷೇಧ ತಂದದ್ದು ಧರ್ಮವಲ್ಲ, ಕಮ್ಯುನಿಸ್ಟ್ ಸರ್ಕಾರ. ಜನಸಂಖ್ಯೆ ಹೆಚ್ಚಬೇಕೆಂದು 1966ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಗರ್ಭಪಾತ ನಿಷೇಧಿಸುವ 770ನೇ ಆಜ್ಞೆ ಹೊರಡಿಸಿದ. ಗರ್ಭನಿರೋಧಕವೂ ಸಿಗದಂತಾಯಿತು. ಮರುವರ್ಷ ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಇದನ್ನು ಮುಚ್ಚಿಡುವುದು ಸರಿಯಲ್ಲ: ನಿಷೇಧದಿಂದ ಕೆಲವು ಗರ್ಭಪಾತಗಳು ನಿಂತವು. ಆದರೆ ಕೆಲವೇ ವರ್ಷಗಳಲ್ಲಿ ಜನ ಕಳ್ಳದಾರಿ ಕಂಡುಕೊಂಡರು, ಜನನ ಪ್ರಮಾಣ ಮತ್ತೆ ಇಳಿಯಿತು. ಹೆಂಗಸರು ಮಾತ್ರ ಸಾಯುತ್ತಲೇ ಹೋದರು. ಆ 23 ವರ್ಷಗಳಲ್ಲಿ ಕದ್ದು ಮಾಡಿಸಿಕೊಂಡ ಗರ್ಭಪಾತದಿಂದ ಸತ್ತವರು 9000ಕ್ಕೂ ಹೆಚ್ಚು ಎಂದು ಅಂದಾಜು. ಅನಾಥಾಲಯಗಳು ತುಂಬಿದವು. 1989ರ ಡಿಸೆಂಬರಿನಲ್ಲಿ ಚೌಷೆಸ್ಕು ಬಿದ್ದ ಕೂಡಲೇ ಹೊಸ ಸರ್ಕಾರ ಆ ಆಜ್ಞೆಯನ್ನು ರದ್ದು ಮಾಡಿತು. ಒಂದೇ ವರ್ಷದಲ್ಲಿ ತಾಯಂದಿರ ಸಾವಿನ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು.

ನಿಷೇಧ ಯಾರನ್ನು ತಡೆಯುತ್ತದೆ ಎನ್ನುವುದನ್ನೂ ನೋಡಬೇಕು. ಹಣ ಇರುವವಳು ಗಡಿ ದಾಟಿ ಹೋಗಿ ಬರುತ್ತಾಳೆ. ರಜೆ ಕೇಳಿದರೆ ಕೆಲಸವೇ ಹೋಗುವವಳು ಸಿಕ್ಕಿಬೀಳುತ್ತಾಳೆ.

ತಾಯಿಯ ಜೀವ ಉಳಿಸಲು ಎಲ್ಲ ಕಡೆಯೂ ವಿನಾಯಿತಿ ಇದೆ. ಮತ್ತೇನು ತೊಂದರೆ?

ಮೊದಲನೆಯದು, ಎಲ್ಲ ಕಡೆ ಇಲ್ಲ. ಎಲ್ ಸಾಲ್ವಡಾರ್ 1998ರಿಂದ, ನಿಕರಾಗುವಾ 2006ರಿಂದ ಪೂರ್ತಿ ನಿಷೇಧ ಇಟ್ಟುಕೊಂಡಿವೆ. ಎರಡನೆಯದು, ವಿನಾಯಿತಿ ಕಾಗದದ ಮೇಲಿದ್ದರೆ ಸಾಲದು.

ಸವಿತಾ ಹಾಲಪ್ಪನವರ್ ಹೆಸರು ನೀವು ಕೇಳಿರುತ್ತೀರಿ. ಐರ್ಲೆಂಡಿನಲ್ಲಿದ್ದ, ಭಾರತ ಮೂಲದ 31 ವರ್ಷದ ದಂತವೈದ್ಯೆ. 2012ರ ಅಕ್ಟೋಬರಿನಲ್ಲಿ ಅವರು 17 ವಾರದ ಬಸುರಿ. ಗರ್ಭ ತಾನಾಗಿಯೇ ಬಿದ್ದುಹೋಗುತ್ತಿತ್ತು, ಉಳಿಯುವ ದಾರಿ ಇರಲಿಲ್ಲ. ಬೇಗ ಮುಗಿಸಿಬಿಡಿ ಎಂದು ಸವಿತಾ ಕೇಳಿಕೊಂಡರು. ಭ್ರೂಣದ ಮಿಡಿತ ಇನ್ನೂ ಇದೆ, ಆಗುವುದಿಲ್ಲ ಎಂದರು. ಕಾಯುತ್ತಾ ಕೂತರು. ಸೋಂಕು ರಕ್ತಕ್ಕೆ ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ತಾಯಿಯ ಜೀವಕ್ಕೆ ಅಪಾಯ ಇದ್ದರೆ ತೆಗೆಯಬಹುದು ಎಂದು ಆ ದೇಶದ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. ಆದರೆ ಎಷ್ಟು ಅಪಾಯ ಎಂದರೆ ಸಾಕು? ಜ್ವರ ಎಷ್ಟಕ್ಕೆ ಏರಬೇಕು? ಹಾಸಿಗೆಯ ಪಕ್ಕ ನಿಂತ ಡಾಕ್ಟರ ತಲೆಯಲ್ಲಿ ಜೈಲಿನ ಯೋಚನೆ ಬಂದರೆ ಚಿಕಿತ್ಸೆ ತಡವಾಗುತ್ತದೆ. ಆ ಸಾವನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಸಂಕಟವಾಗುತ್ತದೆ. ಉಳಿಯದ ಗರ್ಭಕ್ಕಾಗಿ ಉಳಿಯಬಹುದಾಗಿದ್ದ ಹೆಂಗಸನ್ನು ಕಳೆದುಕೊಂಡರು.

2018ರ ಮೇ 25ರಂದು ಐರಿಶ್ ಜನ ಮತ ಹಾಕಿ, 66.4% ಬಹುಮತದಿಂದ, ಸಂವಿಧಾನದಲ್ಲಿದ್ದ ನಿಷೇಧವನ್ನು ತೆಗೆದರು. ಆ ಮತ ಹಾಕಿದವರಲ್ಲಿ ಭಾನುವಾರ ಚರ್ಚಿಗೆ ಹೋಗುವವರೂ ಬೇಕಾದಷ್ಟು ಜನ ಇದ್ದರು.

ಸದ್ಯ ಬೇರೆ ಬೇರೆ ದೇಶಗಳ ಕಾನೂನು ಹೇಗಿದೆ?

ಎರಡು ದಿಕ್ಕಿಗೂ ಹರಿಯುತ್ತಿದೆ. ಅಮೆರಿಕದಲ್ಲಿ 1973ರ ರೋ ವರ್ಸಸ್ ವೇಡ್ ತೀರ್ಪು ಕೊಟ್ಟಿದ್ದ ಹಕ್ಕನ್ನು 2022ರ ಜೂನ್ 24ರಂದು ಅದೇ ಸುಪ್ರೀಂ ಕೋರ್ಟ್ ಹಿಂದಕ್ಕೆ ಪಡೆಯಿತು. ಈಗ ರಾಜ್ಯಕ್ಕೊಂದು ಕಾನೂನು. ಪೋಲೆಂಡಿನ ಸಂವಿಧಾನ ನ್ಯಾಯಮಂಡಳಿ 2020ರಲ್ಲಿ, ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ಇದ್ದ ಅವಕಾಶವನ್ನೂ ತೆಗೆದುಹಾಕಿತು. ಇನ್ನೊಂದು ಕಡೆ ಅರ್ಜೆಂಟೀನಾ 2020ರ ಕೊನೆಯಲ್ಲಿ 14 ವಾರದ ತನಕ, ಕೊಲಂಬಿಯಾ 2022ರಲ್ಲಿ 24 ವಾರದ ತನಕ ಅವಕಾಶ ಕೊಟ್ಟವು. ಎರಡೂ ಕ್ಯಾಥೊಲಿಕರೇ ಹೆಚ್ಚಿರುವ ದೇಶಗಳು. ಫ್ರಾನ್ಸ್ 2024ರ ಮಾರ್ಚಿನಲ್ಲಿ ಇದನ್ನು ಸಂವಿಧಾನದಲ್ಲೇ ಬರೆದಿಟ್ಟಿತು. ಭಾರತದ ಕಾನೂನು 1971ರದ್ದು. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಮದುವೆಯಾಗದವರಿಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿತು. ಬಾಂಗ್ಲಾದೇಶದ್ದು ವಿಚಿತ್ರ ದಾರಿ. ಅಲ್ಲಿ ಗರ್ಭಪಾತ ಅಪರಾಧ. ಆದರೆ ಮುಟ್ಟು ನಿಂತ ಮೊದಲ ವಾರಗಳಲ್ಲಿ "ಮುಟ್ಟು ಸರಿಪಡಿಸುವ" ಸೇವೆ ಸರ್ಕಾರಿ ಕೇಂದ್ರಗಳಲ್ಲೇ ದಶಕಗಳಿಂದ ಸಿಗುತ್ತದೆ.

ಡಾಕ್ಟರಿಗೂ ನಂಬಿಕೆ ಇರುತ್ತದೆ. ಅವರನ್ನು ಬಲವಂತ ಮಾಡಬಹುದಾ?

ಮಾಡಬಾರದು. ತನ್ನ ಕೈಯಿಂದ ಆಗದು ಎನ್ನುವ ಡಾಕ್ಟರನ್ನು ಆಪರೇಷನ್ ಟೇಬಲ್ಲಿಗೆ ಎಳೆದು ತರುವುದು ಯಾರಿಗೂ ಒಳ್ಳೆಯದಲ್ಲ. ಬ್ರಿಟನ್ನಿನ 1967ರ ಕಾನೂನಿನಲ್ಲೇ ಈ ಅವಕಾಶ ಇದೆ. ಆದರೆ ಜೀವಕ್ಕೆ ಅಪಾಯವಾದಾಗ ಅದು ನಡೆಯುವುದಿಲ್ಲ. ಅಲ್ಲಿನ ಸುಪ್ರೀಂ ಕೋರ್ಟ್ 2014ರಲ್ಲಿ ಇನ್ನೊಂದು ಗೆರೆ ಎಳೆಯಿತು. ಗರ್ಭಪಾತದಲ್ಲಿ ಕೈಯಾರೆ ಪಾಲ್ಗೊಳ್ಳುವುದನ್ನು ನಿರಾಕರಿಸಬಹುದು, ಬೇರೆ ನರ್ಸ್‌ಗಳ ಪಾಳಿ ಹಾಕುವುದನ್ನು, ಮೇಲ್ವಿಚಾರಣೆಯನ್ನು ನಿರಾಕರಿಸುವಂತಿಲ್ಲ. ನನಗೆ ಇದು ಸರಿ ಅನಿಸುತ್ತದೆ.

ಇಟಲಿಯಲ್ಲಿ 1978ರಿಂದ ಅವಕಾಶ ಕೊಡುವ ಕಾನೂನು ಇದೆ, ಆದರೆ ಸ್ತ್ರೀರೋಗ ತಜ್ಞರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ನಿರಾಕರಿಸುತ್ತಾರೆ. ಕೆಲವು ಕಡೆ ಇಡೀ ಆಸ್ಪತ್ರೆಯಲ್ಲೇ ಮಾಡುವವರಿಲ್ಲ. ನಿರಾಕರಿಸುವ ಡಾಕ್ಟರು ಇನ್ನೊಬ್ಬರ ಬಾಗಿಲು ತೋರಿಸಬೇಕು. ಸುಳ್ಳು ಹೇಳಿ ವಾರ ತಳ್ಳುವುದು ಮನಸ್ಸಾಕ್ಷಿ ಅಲ್ಲ, ಮೋಸ.

ಹೆಣ್ಣು ಭ್ರೂಣ ಎಂದು ತೆಗೆಸಿದರೆ ಅದೂ ಹಕ್ಕೇ?

ನನ್ನನ್ನು ಬಹಳ ಕಾಡುವ ಪ್ರಶ್ನೆ ಇದು. ಹೆಣ್ಣಿನ ಆಯ್ಕೆಯ ಹೆಸರಿನಲ್ಲಿ ಹೆಣ್ಣನ್ನೇ ಹುಟ್ಟದಂತೆ ಮಾಡುವುದು. ಆದರೆ ಎಷ್ಟೋ ಸಲ ಆ "ಆಯ್ಕೆ" ಅವಳದ್ದೇ ಆಗಿರುವುದಿಲ್ಲ. ಅತ್ತೆಯದ್ದು, ಗಂಡನದ್ದು, ಗಂಡು ಬೇಕೆನ್ನುವ ಇಡೀ ಮನೆತನದ್ದು.

ದಕ್ಷಿಣ ಕೊರಿಯಾದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ 1953ರಿಂದಲೂ ಗರ್ಭಪಾತ ಅಪರಾಧವೇ ಆಗಿತ್ತು. 1987ರಿಂದ ಡಾಕ್ಟರು ಲಿಂಗ ಹೇಳುವುದೂ ನಿಷಿದ್ಧ. ಆದರೂ 1990ರಲ್ಲಿ 100 ಹೆಣ್ಣು ಮಕ್ಕಳಿಗೆ ಸುಮಾರು 116 ಗಂಡು ಹುಟ್ಟಿದವು. ಆಮೇಲೆ ಹೆಣ್ಣು ಮಕ್ಕಳು ಓದಿದರು, ದುಡಿದರು. ಮನೆಯ ಯಜಮಾನಿಕೆ ಗಂಡಿಗೇ ಎನ್ನುವ ಕುಟುಂಬ ಕಾನೂನು ಬಿತ್ತು. 2007ರ ಹೊತ್ತಿಗೆ ಅನುಪಾತ ಸಹಜಕ್ಕೆ ಮರಳಿತು. ಲಿಂಗ ಪತ್ತೆಗೆ ತಡೆ ಬೇಕು, ನಾನು ಅದರ ಪರ. ಆದರೆ ಅಷ್ಟರಿಂದಲೇ ಕೆಲಸ ಆಗುವುದಿಲ್ಲ.

ಸರ್ಕಾರವೇ "ಮಕ್ಕಳು ಬೇಡ" ಎಂದರೆ?

ಅದೂ ಅಷ್ಟೇ ತಪ್ಪು. ಚೀನಾದ ಒಂದೇ ಮಗು ನೀತಿಯಲ್ಲಿ ಹೆಂಗಸರನ್ನು ಎಳೆದೊಯ್ದು ತೆಗೆಸಿದರು. ಭಾರತದಲ್ಲಿ ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ ಗಂಡಸರನ್ನು ಹಿಡಿದು ತಂದು ಆಪರೇಷನ್ ಮಾಡಿದರು. ಹೆರಲೇಬೇಕು ಎನ್ನುವ ಸರ್ಕಾರ, ಹೆರಬಾರದು ಎನ್ನುವ ಸರ್ಕಾರ, ಎರಡೂ ಕೈ ಹಾಕುವುದು ಒಂದೇ ಮೈಗೆ.

ತೆಗೆಸಿಕೊಂಡವರು ಆಮೇಲೆ ಜೀವನವಿಡೀ ಕೊರಗುತ್ತಾರಂತೆ?

ಕೆಲವರು ಕೊರಗುತ್ತಾರೆ. ಅವರ ಮಾತನ್ನು ಯಾರೂ ತಳ್ಳಿಹಾಕಬಾರದು. ಆದರೆ ಅಮೆರಿಕದಲ್ಲಿ ಸುಮಾರು 1000 ಹೆಂಗಸರ ಜೊತೆ ಐದು ವರ್ಷಗಳ ಕಾಲ ಮತ್ತೆ ಮತ್ತೆ ಮಾತಾಡಿದ ಅಧ್ಯಯನವೊಂದಿದೆ. ಗರ್ಭಪಾತ ಮಾಡಿಸಿಕೊಂಡವರಲ್ಲಿ ಐದು ವರ್ಷದ ನಂತರವೂ 95%ಕ್ಕಿಂತ ಹೆಚ್ಚು ಜನ, ಆ ತೀರ್ಮಾನ ತಮಗೆ ಸರಿಯಾಗಿತ್ತು ಎಂದರು. ವಾರ ಮೀರಿತು ಎಂದು ವಾಪಸ್ ಕಳಿಸಲ್ಪಟ್ಟವರು ಹಣದ ಕಷ್ಟಕ್ಕೆ ಹೆಚ್ಚು ಸಿಕ್ಕಿಕೊಂಡಿದ್ದರು.

ತೀರ್ಮಾನ ಸರಿ ಅನಿಸುವುದಕ್ಕೂ ದುಃಖ ಆಗುವುದಕ್ಕೂ ವಿರೋಧ ಇಲ್ಲ. ಜಪಾನಿನ ಬೌದ್ಧ ದೇವಾಲಯಗಳಲ್ಲಿ ಇದಕ್ಕೊಂದು ಜಾಗ ಇದೆ. ಭಿಕ್ಷುಗಳ ನಿಯಮಗಳಾದ ಬೌದ್ಧ ವಿನಯದ ಪ್ರಕಾರ, ಗರ್ಭಪಾತ ಮಾಡಿಸುವ ಭಿಕ್ಷು ಸಂಘದಿಂದಲೇ ಹೊರಗೆ. ಅಷ್ಟು ಕಟ್ಟುನಿಟ್ಟು. ಆದರೂ ಆ ದೇವಾಲಯಗಳ ಅಂಗಳದಲ್ಲಿ ಜಿಜೋ ಎಂಬ ಪುಟ್ಟ ಕಲ್ಲಿನ ಮೂರ್ತಿಗಳು ಸಾಲಾಗಿ ನಿಂತಿವೆ. ಮಕ್ಕಳಿಗೆ ಹಾಕುವಂಥ ಕೆಂಪು ಟೋಪಿ, ಕೆಂಪು ಕೊರಳಬಟ್ಟೆ. ಪಕ್ಕದಲ್ಲಿ ಗಾಳಿಗೆ ತಿರುಗುವ ಗಿರಗಿಟ್ಲೆ, ಆಟಿಕೆ. ಹುಟ್ಟದೇ ಹೋದ ಕೂಸುಗಳಿಗೆ ಅಲ್ಲಿ "ನೀರಿನ ಮಗು" ಎಂದು ಹೆಸರು. ತಾನಾಗಿ ಹೋದದ್ದೂ ಅಲ್ಲಿಗೇ, ತೆಗೆಸಿದ್ದೂ ಅಲ್ಲಿಗೇ. ಹೆಂಗಸು ಬಂದು ನಿಂತು, ಕ್ಷಮಿಸು ಎಂದು ಹೇಳಿ, ದೀಪ ಹಚ್ಚಿ ಹೋಗುತ್ತಾಳೆ. ಇದರಲ್ಲಿ ಹಣ ಕೀಳುವ ಜಾಗಗಳೂ ಇವೆ ಎಂದು ಜಪಾನಿಗರೇ ಟೀಕಿಸುತ್ತಾರೆ. ಆದರೂ ಅಳಲು ಒಂದು ಜಾಗ ಕೊಟ್ಟದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ನಾನು ದೇವರನ್ನು ನಂಬುವವಳು. ಗರ್ಭಪಾತ ತಪ್ಪು ಅಂತಲೇ ಅನಿಸುತ್ತದೆ. ನಾನೇನು ಮಾಡಬೇಕು?

ನಿಮ್ಮ ನಂಬಿಕೆ ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ದಿನಾ ಪ್ರಾರ್ಥನೆ ಮಾಡುವ ಗೆಳತಿಯೊಬ್ಬಳು ನನಗಿದ್ದಾಳೆ. "ನಾನಂತೂ ಮಾಡಿಸಿಕೊಳ್ಳಲ್ಲ. ಆದರೆ ಇನ್ನೊಬ್ಬಳ ಕೈಗೆ ಬೇಡಿ ಹಾಕಿಸೋದಕ್ಕೆ ನನ್ನ ದೇವರನ್ನ ಸಾಕ್ಷಿ ಕರೆಯಲ್ಲ" ಎನ್ನುತ್ತಾಳೆ. ತಪ್ಪು ಎಂದು ನಂಬುವುದು ಬೇರೆ, ಅದನ್ನು ಕಾನೂನಿನಲ್ಲಿ ಅಪರಾಧವಾಗಿಸಿ ಎನ್ನುವುದು ಬೇರೆ. ಸುಳ್ಳು ಹೇಳುವುದು ಎಲ್ಲ ಧರ್ಮಗಳಲ್ಲೂ ಪಾಪ, ಆದರೆ ಹೇಳಿದ ಪ್ರತಿ ಸುಳ್ಳಿಗೂ ಜೈಲಿಲ್ಲ.

ಗರ್ಭಪಾತ ಕಡಿಮೆಯಾಗಬೇಕು ಎಂದು ನಿಮಗಿದ್ದರೆ ಮಾಡುವ ಕೆಲಸ ಬೇಕಾದಷ್ಟಿದೆ. ಬೇಡದ ಬಸಿರು ಆಗದಂತೆ ನೋಡಿಕೊಳ್ಳುವುದು ಮೊದಲನೆಯದು. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಲೆಕ್ಕ ಹಾಕಿದರೆ, ವರ್ಷದಲ್ಲಿ 100 ಹೆಂಗಸರಲ್ಲಿ, ಗಂಡ ವೀರ್ಯ ಹೊರಗೆ ಬಿಡುವುದನ್ನೇ ನಂಬಿದವರಲ್ಲಿ ಸುಮಾರು 20, ಕಾಂಡೋಮ್ ನಂಬಿದವರಲ್ಲಿ 13, ಮಾತ್ರೆ ನಂಬಿದವರಲ್ಲಿ 7 ಮಂದಿ ಬಸಿರಾಗುತ್ತಾರೆ. ಕಾಪರ್-ಟಿ ಹಾಕಿಸಿಕೊಂಡವರಲ್ಲಿ ಒಬ್ಬರಿಗೂ ಕಡಿಮೆ. ಹದಿಹರೆಯದ ಮಕ್ಕಳಿಗೆ ಇದನ್ನು ಹೇಳಿಕೊಡುವುದನ್ನು ತಡೆಯುತ್ತಾ ಗರ್ಭಪಾತವನ್ನೂ ವಿರೋಧಿಸುವುದು, ಒಲೆ ಉರಿಸುತ್ತಾ ಹಾಲು ಉಕ್ಕಬೇಡ ಎಂದ ಹಾಗೆ.

ಗಂಡಸರು ಈ ಚರ್ಚೆಯಲ್ಲಿ ಬಾಯಿ ಹಾಕಬಹುದಾ?

ಹಾಕಲಿ. ಕಾಂಡೋಮ್ ಬಳಸುವ ವಿಷಯದಿಂದಲೇ ಶುರು ಮಾಡಲಿ. ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಸುಲಭ, ಅಪಾಯವೂ ಕಡಿಮೆ. ಆದರೂ ಜಗತ್ತಿನಲ್ಲಿ ಆಪರೇಷನ್ ಮಾಡಿಸಿಕೊಂಡ ಗಂಡಸರು ಹೆಂಗಸರ ಹತ್ತರಲ್ಲಿ ಒಂದು ಪಾಲೂ ಇಲ್ಲ.

ನನಗೆ ಗೊತ್ತಿರುವ ಹುಡುಗಿಯೊಬ್ಬಳು ಬಸಿರಾಗಿದ್ದಾಳೆ, ಏನು ಮಾಡಲಿ ಎಂದು ಅಳುತ್ತಿದ್ದಾಳೆ. ಏನು ಹೇಳಲಿ?

ಮೊದಲು ಉಪದೇಶ ಬೇಡ. ಅವಳಿಗೆ ಏನು ಬೇಕು ಎಂದು ಕೇಳಿ, ಅವಳು ಹೇಳುವ ತನಕ ಸುಮ್ಮನಿರಿ. ಉಳಿಸಿಕೊಳ್ಳಬೇಕು ಎಂದರೆ ಹಣಕ್ಕೆ, ಓದಿಗೆ, ಹೆರಿಗೆಯ ನಂತರದ ರಾತ್ರಿಗಳಿಗೆ ಯಾರು ಜೊತೆಗಿರುತ್ತಾರೆ ಎಂದು ಕೂತು ಮಾತಾಡಿ. ಬೇಡ ಎಂದರೆ ಕೊನೆಯ ಮುಟ್ಟಿನ ತಾರೀಖು ಬರೆದುಕೊಳ್ಳಿ, ವಾರ ಎಣಿಸಿ, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಯಾರೋ ಕೊಟ್ಟ ಮಾತ್ರೆಯನ್ನು ಕದ್ದು ನುಂಗುವುದು ಬೇಡ. ಗರ್ಭವು ಗರ್ಭಕೋಶದೊಳಗಿಲ್ಲದೆ ಅಂಡನಾಳದಲ್ಲಿ ಕೂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದು ಜೀವಕ್ಕೇ ಅಪಾಯ. ಮಾತ್ರೆ ತೆಗೆದುಕೊಂಡ ಮೇಲೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ತೋಯುವಷ್ಟು ರಕ್ತ ಎರಡು ಗಂಟೆ ಬಿಡದೆ ಹೋದರೆ, ಮಾರನೆಯ ದಿನವೂ ಜ್ವರ ಇದ್ದರೆ, ಹೊಟ್ಟೆಯ ಒಂದೇ ಕಡೆ ತಡೆಯಲಾರದ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಕರೆದುಕೊಂಡು ಹೋಗಿ. ಏನು ತೆಗೆದುಕೊಂಡಿದ್ದಾಳೆ, ಯಾವಾಗ ತೆಗೆದುಕೊಂಡಳು ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಅವಳು ಒಳಗೆ ಹೋದ ಮೇಲೂ ಹೊರಗೆ ಕೂತಿರಿ, ಅವಳು ಬಾಗಿಲು ತೆರೆದಾಗ ನೀವು ಕಾಣಬೇಕು.